ಹಳೆ ಜೀಪಿಗೆ ಗುಜರಿ ಆಕ್ಸಲ್: ಕಾನೂನು ಎಲ್ಲಿಯವರೆಗೆ ಬಿಡುತ್ತದೆ?

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಹಳೆ ಮಹೀಂದ್ರಾ ಜೀಪುಗಳ ಪೈಕಿ ಹೆಚ್ಚಿನವು ಉಳಿದಿರುವುದೇ ಇನ್ನೊಂದು ಜೀಪಿನ ಬಿಡಿಭಾಗಗಳಿಂದ. ಕ್ರೌನ್-ಪಿನಿಯನ್ ಕೂಗತೊಡಗಿದರೆ, ಮಳೆಗಾಲದ ಕೆಸರಿನಲ್ಲಿ ಆಕ್ಸಲ್ ಶಾಫ್ಟ್ ತುಂಡಾದರೆ, ಹೌಸಿಂಗ್ ಬಿರುಕು ಬಿಟ್ಟರೆ ಹೊಸದು ಸಿಗುವುದು ಅಪರೂಪ. ಗುಜರಿಯಿಂದಲೋ ಓಡದೆ ನಿಂತ ಗಾಡಿಯಿಂದಲೋ ಬಿಚ್ಚಿ ತಂದು ಕೂರಿಸಬೇಕು. ಈ ಕೆಲಸದ ಬಗ್ಗೆ ಎರಡು ನಂಬಿಕೆಗಳು ಬೇರೂರಿವೆ. 2019ರ ನಂತರ ಗಾಡಿಯ ಒಂದು ಬೋಲ್ಟ್ ಬದಲಿಸಿದರೂ ಅಪರಾಧ ಎಂಬುದು ಒಂದು. ಆರ್‌ಸಿಯಲ್ಲಿ ಆಕ್ಸಲ್ ನಂಬರೇ ಇರುವುದಿಲ್ಲ, ಏನು ಹಾಕಿದರೂ ಕೇಳುವವರಿಲ್ಲ ಎಂಬುದು ಇನ್ನೊಂದು. ಎರಡೂ ತಪ್ಪು, ಎರಡರಿಂದಲೂ ಮಾಲೀಕನಿಗೇ ನಷ್ಟ. ಸವೆದ ಭಾಗದ ಜಾಗಕ್ಕೆ ಅದೇ ಮಾದರಿಯ ಬಳಸಿದ ಭಾಗ ಕೂರಿಸುವುದು ದುರಸ್ತಿ. ಅದಕ್ಕೆ ಕಾನೂನು ಅಡ್ಡ ಬರುವುದಿಲ್ಲ. ಆದರೆ ಅದು ದುರಸ್ತಿಯೇ ಹೌದು, ಭಾಗ ಬಂದದ್ದು ಸರಿಯಾದ ಕೈಯಿಂದಲೇ ಎಂದು ತೋರಿಸುವ ಕಾಗದ ಇಲ್ಲದಿದ್ದರೆ ಆ ಹಕ್ಕನ್ನು ಕಾಪಾಡಿಕೊಳ್ಳುವುದು ಕಷ್ಟ.

ಮೊದಲ ನಂಬಿಕೆಯನ್ನೇ ನೋಡೋಣ. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52 ನಿಷೇಧಿಸುವುದು ಒಂದು ನಿರ್ದಿಷ್ಟ ಸಂಗತಿಯನ್ನು: ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಬಾರದು. ಬದಲಾವಣೆ ಎಂದರೇನು ಎಂಬುದನ್ನೂ ಅದೇ ಸೆಕ್ಷನ್‌ನ ವಿವರಣೆ ಹೇಳುತ್ತದೆ: ವಾಹನದ ರಚನೆ ಬದಲಾಗಿ ಅದರಿಂದ ಅದರ ಮೂಲ ಲಕ್ಷಣವೇ ಬೇರೆಯಾಗಬೇಕು. 2019ರ ತಿದ್ದುಪಡಿಯಿಂದ ಬಂದ ಸೆಕ್ಷನ್ 182ಎ(4) ಇದಕ್ಕೆ ಶಿಕ್ಷೆ ಸೇರಿಸಿತು. ಅನುಮತಿ ಇಲ್ಲದ ರೀತಿಯಲ್ಲಿ, ಬಿಡಿಭಾಗ ಜೋಡಿಸುವ ಮೂಲಕವೂ ಸೇರಿದಂತೆ, ವಾಹನ ಬದಲಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಭಯ ಹುಟ್ಟಿದ್ದು ಇಲ್ಲಿಂದ. ಆದರೆ ಶಿಕ್ಷೆಯ ಸೆಕ್ಷನ್ ನಿಷೇಧದ ಗಡಿಯನ್ನು ಹಿಗ್ಗಿಸಿಲ್ಲ. ಅನುಮತಿ ಇಲ್ಲದ ರೀತಿ ಯಾವುದು ಎಂದು ತಿಳಿಯಲು ಮತ್ತೆ ಸೆಕ್ಷನ್ 52ಕ್ಕೇ ಹೋಗಬೇಕು. ಅದೇ ಮಾದರಿಯ ಜೀಪಿನ ಹಿಂದಿನ ಆಕ್ಸಲ್ ತಂದು ಅದೇ ಜಾಗದಲ್ಲಿ ಕೂರಿಸಿದಾಗ ರಚನೆಯೂ ಬದಲಾಗುವುದಿಲ್ಲ, ಮೂಲ ಲಕ್ಷಣವೂ ಬದಲಾಗುವುದಿಲ್ಲ, ಆರ್‌ಸಿಯ ಒಂದು ಅಕ್ಷರವೂ ಸುಳ್ಳಾಗುವುದಿಲ್ಲ.

ಇದಕ್ಕೆ ಎದುರಾಗಿ ಸುಪ್ರೀಂ ಕೋರ್ಟಿನ ತೀರ್ಪನ್ನು ತೋರಿಸುವವರಿದ್ದಾರೆ. ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿ 9ರಂದು ನ್ಯಾಯಾಲಯ ಹೈಕೋರ್ಟಿನ ಸಡಿಲ ಅರ್ಥವನ್ನು ತಳ್ಳಿಹಾಕಿ, ತಯಾರಕರ ಮೂಲ ನಿಗದಿಯನ್ನು ಮೀರಿದ ಬದಲಾವಣೆಗೆ ಅವಕಾಶವಿಲ್ಲ ಎಂದದ್ದು ನಿಜ. ಅದನ್ನು ಓದಿ ಎಲ್ಲ ಬದಲಿಗೂ ಬಾಗಿಲು ಮುಚ್ಚಿತು ಎನ್ನುವುದು ಮಾತ್ರ ಸರಿಯಲ್ಲ. ಅದೇ ತೀರ್ಪು, ನೋಂದಣಿ ಪತ್ರದ ಉಳಿದ ವಿವರಗಳನ್ನು ಕಾಯ್ದೆ ಮತ್ತು ನಿಯಮಗಳ ಪ್ರಕಾರ ಬದಲಿಸಿ ದಾಖಲಿಸಿಕೊಳ್ಳಬಹುದು ಎಂದೂ ಹೇಳಿದೆ. ತಯಾರಕರ ಮೂಲ ನಿಗದಿಯೇ ಅಳತೆಗೋಲಾಗಿರುವಾಗ ತಯಾರಕರೇ ಆ ಮಾದರಿಗೆ ಕೊಟ್ಟಿದ್ದ ಭಾಗವನ್ನು ಮರಳಿ ಕೂರಿಸುವವನಿಗೆ ಈ ತೀರ್ಪು ಬೆಂಬಲವೇ ಹೊರತು ಬೆದರಿಕೆಯಲ್ಲ.

ಹಾಗಾದರೆ ಗೆರೆ ದಾಟುವುದು ಎಲ್ಲಿ? ಇಲ್ಲಿ ಕಾನೂನನ್ನೂ ಯಂತ್ರವನ್ನೂ ಒಟ್ಟಿಗೆ ತಿಳಿಯಬೇಕು. ಹೊರಗಿನಿಂದ ಒಂದೇ ರೀತಿ ಕಾಣುವ ಹೌಸಿಂಗ್‌ಗಳ ಒಳಗೆ ಬೇರೆ ಬೇರೆ ಗೇರ್ ಅನುಪಾತ ಇರುತ್ತದೆ. ವಿಲ್ಲಿಸ್ ಮೂಲದ ಸಿಜೆ3ಬಿ ಜೀಪಿನಲ್ಲಿ ಅದು 5.38, ಅಂದರೆ ಪಿನಿಯನ್‌ನ 8 ಹಲ್ಲಿಗೆ ಕ್ರೌನ್‌ನ 43 ಹಲ್ಲು. ಜೀಪ್ ಕುಟುಂಬದ ಬೇರೆ ಆಕ್ಸಲ್‌ಗಳಲ್ಲಿ 4.27 ಕೂಡ ಉಂಟು. ಶಾಫ್ಟ್‌ಗಳೂ ಅಷ್ಟೆ, ಹಳೆಯವುಗಳ ತುದಿಯಲ್ಲಿ 10 ಹಲ್ಲು, ನಂತರದವುಗಳಲ್ಲಿ 19. ಅನುಪಾತವನ್ನು ಆರ್‌ಸಿಯಲ್ಲಿ ಬರೆದಿರುವುದಿಲ್ಲ, ಆದ್ದರಿಂದ ಸೆಕ್ಷನ್ 52ರ ಅಡಿ ಅದನ್ನು ಬದಲಿಸುವುದು ಅಪರಾಧವಲ್ಲ ಎಂದು ವಾದಿಸಲು ಜಾಗವಿದೆ. ಆ ವಾದವನ್ನು ನೆಚ್ಚಿಕೊಳ್ಳಬೇಡಿ ಎನ್ನುತ್ತೇನೆ. ಹಳೆ ಜೀಪುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ಅಂದರೆ ಆಕ್ಸಲಿಗಿಂತ ಮೊದಲೇ. 5.38 ತೆಗೆದು 4.27 ಹಾಕಿದರೆ ಮುಳ್ಳು 50 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ. ಚಾಲಕನಿಗೆ ವೇಗ ತಿಳಿಸುವ ಉಪಕರಣ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಹೇಳುತ್ತದೆ. ತಪ್ಪು ತೋರಿಸುವ ಮುಳ್ಳು ಅದನ್ನು ಪಾಲಿಸಿದಂತಾಗದು. ಹಿಂದಿನ ಆಕ್ಸಲಿನದು ಒಂದು ಅನುಪಾತ, ಮುಂದಿನದು ಇನ್ನೊಂದು ಆದರಂತೂ ಫೋರ್-ವೀಲ್ ಹಾಕಿದಾಗ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಟಾರು ರಸ್ತೆಯಲ್ಲಿ ಅದು ನಿಜವಾದ ಅಪಾಯ. ಸೆಕ್ಷನ್ 190ರ ಪ್ರಕಾರ, ಗೊತ್ತಿದ್ದ ಅಥವಾ ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದ ಅಪಾಯಕಾರಿ ದೋಷವಿರುವ ಗಾಡಿಯನ್ನು ಓಡಿಸಿದರೆ 1,500 ರೂಪಾಯಿ ದಂಡ. ಆ ದೋಷದಿಂದ ಅಪಘಾತವಾಗಿ ಗಾಯ ಅಥವಾ ನಷ್ಟವಾದರೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಟೂ-ವೀಲ್ ಡ್ರೈವ್ ಗಾಡಿಗೆ ಮುಂದಿನ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ ಸೇರಿಸಿ ಫೋರ್-ವೀಲ್ ಮಾಡುವುದು, ಬೇರೆ ಕಂಪನಿಯ ಅಗಲದ ಆಕ್ಸಲ್ ಹಾಕಿ ಚಕ್ರಗಳನ್ನು ಬಾಡಿಯಾಚೆ ತರುವುದು, ಇವು ದುರಸ್ತಿಯೇ ಅಲ್ಲ. ರಚನೆಯೂ ತೂಕವೂ ಬದಲಾಗುತ್ತವೆ. ಗುಡ್ಡಗಾಡಿನಲ್ಲಿ ಇಂಥ ಗಾಡಿ ಎಷ್ಟೇ ಉಪಯೋಗಿ ಎನ್ನಿಸಿದರೂ, ನೋಂದಣಿ ಪ್ರಾಧಿಕಾರದ ಅನುಮೋದನೆ ಇಲ್ಲದೆ ಅದನ್ನು ರಸ್ತೆಗಿಳಿಸುವುದು 182ಎ(4)ಕ್ಕೆ ನೇರವಾಗಿ ಸಿಕ್ಕಿಕೊಳ್ಳುವುದೇ ಸರಿ.

ಹಳೆ ಭಾಗ ಎಂದರೇ ಅಪಾಯ, ಅದನ್ನು ಕಾನೂನು ಯಾಕೆ ಒಪ್ಪಬೇಕು ಎಂಬ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಕಾನೂನು ಕೇಳುವುದು ಭಾಗದ ವಯಸ್ಸನ್ನಲ್ಲ, ಅದರ ಸ್ಥಿತಿಯನ್ನು. 15 ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ಸೆಕ್ಷನ್ 41ರ ಅಡಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಿ ಗಾಡಿಯನ್ನು ತಪಾಸಣೆಗೆ ಒಡ್ಡಬೇಕು. ಹಲ್ಲು ಸವೆದ ಮೂಲ ಪಿನಿಯನ್‌ಗಿಂತ, ಬೇರಿಂಗ್ ಹೊಸದು ಹಾಕಿ ಸರಿಯಾಗಿ ಕೂರಿಸಿದ ಗುಜರಿ ಪಿನಿಯನ್ ಆ ತಪಾಸಣೆಯಲ್ಲೂ ರಸ್ತೆಯಲ್ಲೂ ಹೆಚ್ಚು ಸುರಕ್ಷಿತ.

ಇನ್ನು ಎರಡನೆಯ ನಂಬಿಕೆ, ನಂಬರಿಲ್ಲದ ಭಾಗವನ್ನು ಯಾರು ಕೇಳುತ್ತಾರೆ ಎಂಬುದು. ನಂಬರಿಲ್ಲ ಎಂಬುದೇ ಇಲ್ಲಿ ತೊಡಕು. ಕದ್ದ ಜೀಪನ್ನು ಬಿಚ್ಚಿ ಮಾರಿದಾಗ ಎಂಜಿನ್, ಚಾಸಿಗಳನ್ನು ಗುರುತು ಹಿಡಿಯಬಹುದು, ಆಕ್ಸಲನ್ನು ಹಿಡಿಯುವುದು ಕಷ್ಟ. ಹಾಗಾಗಿ ಪೊಲೀಸರ ಅನುಮಾನ ಕೊಂಡವನ ಮೇಲೂ ಬೀಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 317(2), ಕದ್ದ ಮಾಲೆಂದು ತಿಳಿದೋ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಅದನ್ನು ಪಡೆದವನಿಗೆ 3 ವರ್ಷದವರೆಗೆ ಸೆರೆ ವಿಧಿಸುತ್ತದೆ. ಗೊತ್ತಿಲ್ಲದೆ ಕೊಂಡವನು ಅಪರಾಧಿಯಲ್ಲ. ಆದರೆ ಕಳ್ಳಮಾಲಿನ ಒಡೆತನ ಕೊಂಡವನಿಗೆ ದಾಟುವುದಿಲ್ಲವಾದ್ದರಿಂದ ಭಾಗವಂತೂ ಕೈಬಿಡುತ್ತದೆ. ಮಾರಿದವನು ಯಾರೆಂದು ತೋರಿಸಲಾಗದಿದ್ದರೆ ಕೊಟ್ಟ ಹಣವೂ ಹೋಗುತ್ತದೆ. ಸರಕು ಮಾರಾಟ ಕಾಯ್ದೆ, 1930ರ ಸೆಕ್ಷನ್ 14ರ ಪ್ರಕಾರ ಮಾರುವವನಿಗೆ ಮಾರುವ ಹಕ್ಕಿದೆ ಎಂಬುದು ಪ್ರತಿ ಮಾರಾಟದೊಳಗೂ ಅಡಗಿರುವ ಷರತ್ತು. ಹಣ ವಾಪಸು ಕೇಳಲು ಅದೇ ಆಧಾರ, ಆದರೆ ಬಿಲ್ಲಿಲ್ಲದೆ ಆ ಷರತ್ತನ್ನು ಯಾರ ಮೇಲೆ ಹೂಡುವುದು? ಬಿಡಿಭಾಗಕ್ಕೆಂದು ಇಡೀ ಜೀಪನ್ನೇ ಕೊಂಡು ಬಿಚ್ಚುವವರು ಇನ್ನೊಂದು ಮಾತು ನೆನಪಿಡಬೇಕು. ವಾಹನ ಬಳಕೆಗೆ ಬಾರದಂತಾದಾಗ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ನೋಂದಣಿ ಪತ್ರ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55 ಹೇಳುತ್ತದೆ. ಬಿಚ್ಚಿದ ಗಾಡಿಯ ಆರ್‌ಸಿ, ಚಾಸಿ ಪ್ಲೇಟುಗಳನ್ನು ಇನ್ನೊಂದು ಗಾಡಿಗೆ ಬಳಸುವುದು ಬಿಡಿಭಾಗದ ವ್ಯವಹಾರವಲ್ಲ, ನಕಲಿ ದಾಖಲೆಯ ಅಪರಾಧ. ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ, ಇರಲೂಬಾರದು.

ಗುಜರಿ ಅಂಗಡಿಯವರು ಬಿಲ್ ಕೊಡುವುದಿಲ್ಲವಲ್ಲ ಎಂಬ ಮಾತು ಬರುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 2(47)ರ ಪ್ರಕಾರ ಮಾರಿದ ಸರಕಿಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದೇ ಅನ್ಯಾಯದ ವ್ಯಾಪಾರ ಪದ್ಧತಿ. ಹಳೆಯ, ರಿಕಂಡೀಷನ್ ಮಾಡಿದ ಮಾಲನ್ನು ಹೊಸದೆಂದು ಮಾರುವುದೂ ಅದೇ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ಬಳಸಿದ ಮಾಲಿಗೆ ಗ್ಯಾರಂಟಿ ಇಲ್ಲ ಎಂದು ಗೋಡೆಗೆ ಬೋರ್ಡ್ ತಗುಲಿಸಿದ ಮಾತ್ರಕ್ಕೆ ಈ ಹಕ್ಕುಗಳು ಅಳಿಸಿಹೋಗುವುದಿಲ್ಲ. ಸಹಜ ಸವೆತವನ್ನು ಕೊಂಡವನು ಸಹಿಸಿಕೊಳ್ಳಬೇಕು, ಆದರೆ 5.38 ಎಂದು ಹೇಳಿ ಬೇರೆ ಅನುಪಾತದ್ದು ಕೊಟ್ಟರೆ, ವೆಲ್ಡ್ ಮಾಡಿ ಬಣ್ಣ ಬಳಿದ ಹೌಸಿಂಗನ್ನು ಬಿರುಕಿಲ್ಲದ್ದೆಂದು ಮಾರಿದರೆ ಅದು ಸವೆತವಲ್ಲ, ಮೋಸ. ಆದ್ದರಿಂದ ಬಿಲ್ಲಿನಲ್ಲಿ ಯಾವ ಮಾದರಿಯ ಗಾಡಿಯದು, ಮುಂದಿನದೋ ಹಿಂದಿನದೋ, ಅನುಪಾತ ಎಷ್ಟು, ಶಾಫ್ಟಿನ ಹಲ್ಲು ಎಷ್ಟು, ಬಳಸಿದ ಮಾಲು ಎಂಬಿಷ್ಟನ್ನು ಬರೆಸಿ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಸಹಿ ಮಾಡಿದ ಚೀಟಿ, ಮೂಲ ಗಾಡಿಯ ಆರ್‌ಸಿ ಪ್ರತಿ, ಬ್ಯಾಂಕ್ ಅಥವಾ ಯುಪಿಐ ಮೂಲಕ ಹಣ ಕೊಟ್ಟ ದಾಖಲೆ ಸಾಕು. ಗ್ಯಾರೇಜಿನವರು ಬಿಚ್ಚಿದ ಹಳೆ ಭಾಗದ ಮತ್ತು ಕೂರಿಸಿದ ಭಾಗದ ಫೋಟೋ ಜೊತೆಗಿದ್ದರೆ ದುರಸ್ತಿಯ ಪುರಾವೆ ಪೂರ್ಣವಾಗುತ್ತದೆ. ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ 2 ವರ್ಷಗಳೊಳಗೆ ದಾಖಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. 1915 ಸಹಾಯವಾಣಿಗೆ ಮೊದಲೇ ಕರೆ ಮಾಡಬಹುದು. ಜೀಪನ್ನು ಬಾಡಿಗೆಗೆ ಓಡಿಸುವವರು ಅದು ಸ್ವಂತ ದುಡಿಮೆಯ ಜೀವನೋಪಾಯ ಎಂದು ತೋರಿಸಬೇಕಾಗುತ್ತದೆ, ಇಲ್ಲದಿದ್ದರೆ ವಾಣಿಜ್ಯ ಉದ್ದೇಶದ ಖರೀದಿ ಎಂದು ದೂರು ಬಿದ್ದುಹೋಗಬಹುದು.

ವಿಮೆಯ ಭಯವನ್ನು ಅಗತ್ಯಕ್ಕಿಂತ ಹೆಚ್ಚು ಬೆಳೆಸಲಾಗಿದೆ. ಅಪಘಾತದಲ್ಲಿ ನೊಂದ ಮೂರನೆಯವರಿಗೆ ಪರಿಹಾರ ಕೊಡುವುದರಿಂದ ತಪ್ಪಿಸಿಕೊಳ್ಳಲು ವಿಮಾ ಕಂಪನಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 150ರಲ್ಲಿ ಇರುವ ಕಾರಣಗಳು ಕೆಲವೇ. ಬಿಡಿಭಾಗ ಬದಲಿಸಿದ್ದು ಆ ಪಟ್ಟಿಯಲ್ಲಿಲ್ಲ, ಮುಖ್ಯ ಸಂಗತಿ ಮುಚ್ಚಿಟ್ಟು ಪಾಲಿಸಿ ಪಡೆದದ್ದು ಇದೆ. ಸ್ವಂತ ಗಾಡಿಯ ನಷ್ಟದ ವಿಷಯದಲ್ಲಿ ಕಂಪನಿಗಳು ಬಿಗಿ ಹಿಡಿಯುತ್ತವೆ. ಅಲ್ಲಿಯೂ 2010ರಲ್ಲಿ ಅಮಲೇಂದು ಸಾಹೂ ಪ್ರಕರಣದಲ್ಲಿ, ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದರೆಂದು ಇಡೀ ಕ್ಲೇಮನ್ನೇ ತಿರಸ್ಕರಿಸಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪದೆ, ಕ್ಲೇಮಿನ ಒಂದು ಭಾಗವನ್ನು ಕೊಡಲು ಹೇಳಿತು. ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ರಸ್ತೆಯಲ್ಲಿ ತಡೆದು 182ಎ ಹಾಕುತ್ತೇವೆ ಎಂದಾಗ ಜಗಳ ಬೇಡ, ಬಿಲ್ಲು ತೋರಿಸಿ. ದಂಡ ಕಟ್ಟಿ ಅಲ್ಲೇ ರಾಜಿ ಮಾಡಿಕೊಳ್ಳಲೇಬೇಕೆಂದಿಲ್ಲ; ಒಪ್ಪದಿದ್ದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ, ಮೂಲ ಲಕ್ಷಣ ಬದಲಾಗಿದೆ ಎಂದು ಅಲ್ಲಿ ಸಾಬೀತು ಮಾಡಬೇಕಾದ್ದು ಇಲಾಖೆ. ಕಳವಿನ ಅನುಮಾನದ ಮೇಲೆ ಗಾಡಿಯನ್ನೇ ವಶಪಡಿಸಿಕೊಂಡರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 497 ಅಥವಾ 503ರ ಅಡಿ ಮ್ಯಾಜಿಸ್ಟ್ರೇಟರಲ್ಲಿ ಬಿಡುಗಡೆ ಕೇಳಬಹುದು. ವಾಹನಗಳನ್ನು ಠಾಣೆಯ ಅಂಗಳದಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದೆಂದು ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆರ್‌ಟಿಒ ನವೀಕರಣ ನಿರಾಕರಿಸಿದರೆ ಅಥವಾ ನೋಂದಣಿ ಅಮಾನತು ಮಾಡಿದರೆ ಬಾಯಿಮಾತಿಗೆ ಮರಳಬೇಡಿ, ಲಿಖಿತ ಆದೇಶ ಪಡೆಯಿರಿ. ಆದೇಶದ ನೋಟಿಸು ಕೈಸೇರಿದ 30 ದಿನಗಳೊಳಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 57ರ ಮೇಲ್ಮನವಿ ಹಾಕಲು ಅದು ಬೇಕು. ವಕೀಲರ ಖರ್ಚು ಭರಿಸಲಾಗದವರು 15100ಕ್ಕೆ ಕರೆ ಮಾಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಕೋರಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಈ ನೆರವಿಗೆ ಆದಾಯದ ಮಿತಿ ಇಲ್ಲ.