ದರಕಿನಡಿಯ ನುಸಿಗಳು

ನುಸಿ ಎಂದೊಡನೆ ಬೆಳೆಗಾರರಾದ ನಮ್ಮ ಕಣ್ಣು ಔಷಧಿ ಡಬ್ಬಿಯ ಕಡೆಗೆ ಹೋಗುತ್ತದೆ. ಕಾರಣವೂ ಇದೆ. 1998ರ ನಂತರ ತೆಂಗಿನ ಕಾಯಿಗೆ ತಗುಲಿದ ನುಸಿಯನ್ನಾಗಲಿ, ಬೇಸಿಗೆಯಲ್ಲಿ ಅಡಿಕೆ ಸಸಿಯ ಎಲೆಯಡಿ ರಸ ಹೀರುವ ಕೆಂಪು ನುಸಿಯನ್ನಾಗಲಿ ಮರೆಯುವಂತಿಲ್ಲ. ಆದರೆ ಅದೇ ಬಳಗದ ಸಾವಿರಾರು ಜಾತಿಗಳು ನಮ್ಮ ಬೆಳೆಯ ಗೊಡವೆಗೆ ಹೋಗದೆ ಮಣ್ಣಿನಲ್ಲಿ, ದರಕಿನಡಿಯಲ್ಲಿ ಬಾಳುತ್ತವೆ. ಅವುಗಳ ವಿಚಾರ ಇಲ್ಲಿ ಸ್ವಲ್ಪ ತಿಳಿಯೋಣ.

ನುಸಿ ಜೇಡದ ಸಂಬಂಧಿ. ಬೆಳೆದುದಕ್ಕೆ ಎಂಟು ಕಾಲು. ಮಣ್ಣಿನ ನುಸಿಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಗಟ್ಟಿ ಚಿಪ್ಪಿನ, ನಿಧಾನ ನಡೆಯ ಒಂದು ಗುಂಪನ್ನು ಶಾಸ್ತ್ರಜ್ಞರು ಒರಿಬ್ಯಾಟಿಡ್ ಎನ್ನುತ್ತಾರೆ. ಉದುರಿದ ಎಲೆ, ಹಾಳೆ, ಸೋಗೆ ಕೊಳೆಯತೊಡಗಿದಾಗ ಹತ್ತುವ ಬೂಷ್ಟನ್ನೂ ಮೆದುವಾದ ಎಲೆಯನ್ನೂ ಇವು ಮೇಯುತ್ತವೆ. ಹಿಕ್ಕೆಯಾಗಿ ಬೀಳುವುದು ನುಣ್ಣನೆಯ ಪುಡಿ. ಮೈಗಂಟಿದ ಬೂಷ್ಟಿನ ಕಣಗಳು ಹೊಸ ಎಲೆಗೆ ದಾಟುತ್ತವೆ. ಎಲೆಯನ್ನು ಗೊಬ್ಬರ ಮಾಡುವ ಮುಖ್ಯ ಕೆಲಸ ಬೂಷ್ಟು, ಬ್ಯಾಕ್ಟೀರಿಯಗಳದ್ದೇ. ನುಸಿ ಮೇಸ್ತ್ರಿಯ ಹಾಗೆ, ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಚುರುಕಾಗಿ ಓಡುವ ಇನ್ನೊಂದು ಗುಂಪು ಬೇಟೆಯಾಡಿ ಮಣ್ಣಿನ ಸೂಕ್ಷ್ಮ ಜಂತುಗಳನ್ನು ತಿನ್ನುತ್ತದೆ.

ನಂಬಿಕೆ ಬಾರದವರು ಮನೆಯಲ್ಲೇ ನೋಡಬಹುದು. ದೊಡ್ಡ ಆಲಿಕೆಯೊಳಗೆ ತಂತಿ ಬಲೆಯಿಟ್ಟು, ಕಾಫಿ ಗಿಡದ ಬುಡದ ಹಸಿ ದರಕನ್ನು ತುಂಬಿ. ಕೆಳಗೆ ಸ್ವಲ್ಪ ಸ್ಪಿರಿಟ್ ಹಾಕಿದ ಗಾಜಿನ ಲೋಟ, ಮೇಲೆ ಎಲೆಗೆ ತಾಗದಷ್ಟು ಎತ್ತರದಲ್ಲಿ 25 ವಾಟಿನ ಹಳೆಯ ಬಲ್ಬು. ಈಗಿನ ಎಲ್‌ಇಡಿ ಬಲ್ಬಿನ ಬಿಸಿ ಸಾಲದು. ಬೆಂಕಿಯ ಭಯವಿರುವುದರಿಂದ ಯಾರಾದರೂ ಹತ್ತಿರವಿರುವಾಗ ಮಾತ್ರ ಉರಿಸಿ. ಮೇಲಿನಿಂದ ಒಣಗುತ್ತ ಬಂದಂತೆ ಜೀವಿಗಳು ತಂಪು ಹುಡುಕಿ ಕೆಳಗಿಳಿದು ಲೋಟಕ್ಕೆ ಬೀಳುತ್ತವೆ. ಇಟಲಿಯ ಬರ್ಲೀಸೆ 1905ರಲ್ಲಿ ಬಿಸಿನೀರಿನಿಂದ ಮಾಡಿದ ಈ ಉಪಾಯಕ್ಕೆ ಮುಂದೆ ಸ್ವೀಡನ್ನಿನ ಟುಲ್‌ಗ್ರೆನ್ ಬಲ್ಬು ಜೋಡಿಸಿದರು. ಲೋಟದಲ್ಲಿ ಬಿದ್ದುದನ್ನು ಭೂತಗನ್ನಡಿಯಲ್ಲಿ ನೋಡಿ. ಗುಡಿಸಿ ಸುಟ್ಟ ಜಾಗದ ಮಣ್ಣನ್ನೂ ಇದೇ ರೀತಿ ಪರೀಕ್ಷಿಸಿ, ಎರಡನ್ನೂ ಹೋಲಿಸಿ.

ಚಿಪ್ಪಿನ ನುಸಿಗಳು ನಿಧಾನ ಬೆಳೆದು ಕೆಲವೇ ಮೊಟ್ಟೆ ಇಡುತ್ತವೆ. ರೆಕ್ಕೆಯಿಲ್ಲ. ಒಮ್ಮೆ ಅಳಿದರೆ ಬೇಗ ಮರಳವು. ಬೇರುಹುಳುವಿಗೆಂದು ನಾವು ವರ್ಷಗಟ್ಟಲೆ ಬುಡಕ್ಕೆ ಹಾಕಿದ ಫೋರೇಟ್ ನುಸಿಯನ್ನೂ ಕೊಲ್ಲುವ ವಿಷ. 2020ರ ಕೊನೆಗೆ ಅದರ ಬಳಕೆ ನಿಷೇಧವಾಯಿತು. ಆಗ ಹುಳು ಸತ್ತಿತೇ ಎಂದು ನೋಡಿದೆವೇ ಹೊರತು ಜೊತೆಗೆ ಸತ್ತವರನ್ನು ಕೇಳಲಿಲ್ಲ.

ಕೊಳೆರೋಗವಿರುವ ತನಕ ಬೋರ್ಡೋ ಬಿಡಲಾಗದು. ಆದರೆ ಮೈಲುತುತ್ತಿನ ತಾಮ್ರ ಕರಗಿ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಸೇರುತ್ತ ಹೋಗುತ್ತದೆ. ಉಳಿದ ದ್ರಾವಣವನ್ನು ಮರದ ಬುಡಕ್ಕೆ ಸುರಿಯಬೇಡಿ. ಆ ದಿನಕ್ಕೆ ಬೇಕಾದಷ್ಟೇ ಕಲಸಿಕೊಳ್ಳಿ. ಬೇಸಿಗೆಯಲ್ಲಿ ಬೆಂಕಿಗೆ ಹೆದರಿ ಗುಡಿಸುವವರು ಬೇಲಿಯ ಸಾಲಿನಲ್ಲಷ್ಟೇ ಗುಡಿಸಿ, ಆ ದರಕನ್ನು ಸುಡದೆ ಒಳಗಿನ ಗಿಡಗಳ ಬುಡಕ್ಕೆ ಹೊದಿಸಿ.