ಎಸ್‌ಎಸ್‌ಎಲ್‌ಸಿಗೆ ಮೊದಲೇ ದಾರಿ ತಿಳಿಯಲಿ

ಪ್ರಶ್ನೆ: ಮಗಳು ಕೃಷ್ಣರಾಜನಗರದ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ, ಮಗ ಎಂಟನೇ ತರಗತಿ. ಮನೆಯಲ್ಲಿ ಹೆಚ್ಚು ಓದಿದವರಿಲ್ಲ. ಮುಂದೇನೆಂದು ಈಗಲೇ ಯೋಚಿಸಬೇಕೇ?

ಉತ್ತರ: ಈ ಯೋಚನೆಗೆ ಒಂಬತ್ತನೇ ತರಗತಿಯೇ ತಕ್ಕ ಕಾಲ, ಏಕೆಂದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ ಅರ್ಜಿ ಹಾಕಲು ಉಳಿಯುವ ಅಲ್ಪ ಕಾಲದಲ್ಲಿ, ನೆರೆಮನೆಯ ಮಕ್ಕಳು ಸೇರಿದ ಕಡೆಗೇ ಸೇರಿಸುವ ಅವಸರ ಉಂಟಾಗಿ, ಮಗುವಿನ ಒಲವು ಲೆಕ್ಕಕ್ಕೆ ಬಾರದೆ ಹೋಗುತ್ತದೆ. ವೃತ್ತಿ ಮಾರ್ಗದರ್ಶನವೆಂದರೆ ಕೆಲಸವೊಂದನ್ನು ಗೊತ್ತುಮಾಡುವುದಲ್ಲ. ಒಲವು, ಸಾಮರ್ಥ್ಯ, ಮನೆಯ ಸ್ಥಿತಿ ಈ ಮೂರನ್ನೂ ನೋಡಿ, ಯಾವ ಓದು ಎಲ್ಲಿಗೆ ಒಯ್ಯುತ್ತದೆಂದು ವಿದ್ಯಾರ್ಥಿಯೇ ಅರಿಯುವಂತೆ ಮಾಡುವುದು.

ಎಸ್‌ಎಸ್‌ಎಲ್‌ಸಿ ನಂತರ ಪಿಯುಸಿಯಲ್ಲದೆ ಮೂರು ವರ್ಷದ ಡಿಪ್ಲೊಮಾ ಮತ್ತು ಐಟಿಐ ತರಬೇತಿಗಳಿವೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೆ ಸೇರುವ ಅವಕಾಶ, ಅಂದರೆ ಲ್ಯಾಟರಲ್ ಎಂಟ್ರಿ, ಇರುವುದರಿಂದ ಐಟಿಐಗೆ ಓದು ನಿಂತಿತೆಂಬ ಭಯ ಬೇಡ.

ಇಂಥ ಓದು ಯಾವ ಕೆಲಸಗಳಿಗೆ ಒಯ್ಯುತ್ತದೆಂದು ತಿಳಿಯಲು ಕಾವೇರಿ ಬಯಲಿನ ಈ ಸೀಮೆಯ ಅಕ್ಕಿ ಗಿರಣಿಯೊಂದನ್ನು ಶಿಕ್ಷಕರೊಡನೆ ನೋಡಿದರೂ ಭತ್ತದ ತೇವಾಂಶ ಅಳೆಯುವವರು, ಮೋಟಾರು ರಿಪೇರಿ ಮಾಡುವವರು, ಲೆಕ್ಕ ಬರೆಯುವವರು ಕಾಣುತ್ತಾರೆ. ಇದೇ ಧಾನ್ಯ ಸಂಸ್ಕರಣೆಯ ಉನ್ನತ ಸಂಶೋಧನೆ 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ನಡೆಯುತ್ತದೆ. ಇಂಥ ಕೆಲಸ ಮಾಡುವ ಮಹಿಳೆಯೊಬ್ಬರು ತಿಂಗಳಿಗೊಮ್ಮೆ ಮಗಳೊಡನೆ ಮಾತಾಡಿದರೆ ಅವಳಲ್ಲಿ ಧೈರ್ಯ ಬೆಳೆಯುತ್ತದೆ.

ಮಗನಿಗೆ ಈ ವರ್ಷವೇ ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗಿರುವ ರಾಷ್ಟ್ರೀಯ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಬರೆಸಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳಿತು.