ಕವಳ ಕೂರುವ ಜಾಗ

ಊಟವಾದ ಮೇಲೆ ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳಿನ ಜೊತೆ ಎಸಳು ಹೊಗೆಸೊಪ್ಪು ಸೇರಿಸಿ ಕೆನ್ನೆಯೊಳಗೆ ಒತ್ತಿಕೊಳ್ಳುವವರು ನಮ್ಮಲ್ಲಿ ಬಹಳ. ಮುಂದೆ ಹುಣ್ಣು ಏಳುವುದೂ ಹೆಚ್ಚಾಗಿ ಅಲ್ಲೇ.

ಹೊಗೆಸೊಪ್ಪಿನ ವಿಷಗಳು ಜೀವಕೋಶದ ಡಿಎನ್‌ಎಗೆ ಅಂಟಿ, ಅದರ ಬರಹವನ್ನೇ ತಪ್ಪಾಗಿಸುತ್ತವೆ. ಹಾಗೆ ಕೆಟ್ಟ ಕೋಶವನ್ನು ತಡೆದು ನಿಲ್ಲಿಸಿ, ರಿಪೇರಿಯಾಗದಿದ್ದರೆ ಸಾಯಿಸುವುದು ಟಿಪಿ53 ಎಂಬ ಜೀನ್‌ನ ಕೆಲಸ. ಆ ಕಾವಲುಗಾರನಿಗೇ ಪೆಟ್ಟು ಬಿದ್ದರೆ? ಎಚ್‌ಪಿವಿ ವೈರಸ್ಸಿನ ನಂಟಿಲ್ಲದ ತಲೆ-ಕುತ್ತಿಗೆಯ (ಬಾಯಿಯದೂ ಸೇರಿ) ಕ್ಯಾನ್ಸರ್‌ಗಳಲ್ಲಿ ಅತಿ ಹೆಚ್ಚು ಹಾಳಾಗಿರುವ ಜೀನ್ ಇದೇ. ಕೋಶ ವಿಭಜನೆಗೆ ಬ್ರೇಕ್ ಹಾಕುವ ಸಿಡಿಕೆಎನ್2ಎ ಕೂಡ ಕೈಕೊಟ್ಟಿತೆಂದರೆ ಗೆಡ್ಡೆ ಬೆಳೆಯಲು ಹಾದಿ ಸಲೀಸು. ಇಷ್ಟೆಲ್ಲ ಆಗಲು ವರ್ಷಗಳೇ ಬೇಕು. ಎಚ್ಚೆತ್ತುಕೊಳ್ಳಲು ಸಿಗುವ ಕಾಲವೂ ಅದೇ.

‘ನಾನು ಹಾಕೋದು ಬರೀ ಅಡಿಕೆ’ ಎನ್ನುವವರೂ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವುದರಲ್ಲಿ ಮುಂದಿರುವ ನಮ್ಮ ನಾಡಿಗೆ ಕಹಿ ಮಾತು, ಆದರೂ ಹೇಳಲೇಬೇಕು.

ಹಲ್ಲುಜ್ಜುವಾಗ ಕೆನ್ನೆ ಅಗಲಿಸಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಬಾಯೊಳಗೆ ಹೋಗುತ್ತವೆಯೇ? ಮಚ್ಚೆ ಕಂಡರೆ, ಬೆರಳು ಹೋಗದಿದ್ದರೆ, ಇಲ್ಲವೇ ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಮುಲಾಮು ಹಚ್ಚಿ ಕಾಯಬೇಡಿ, ದಂತವೈದ್ಯರಿಗೆ ತೋರಿಸಿ. ಬೇಕೆನಿಸಿದರೆ ಅವರು ಒಂದು ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.